ಮಾಮನ ಲೋಟದೊಳಗಿನ ಏಳುನೂರೈವತ್ತು

ರಸಾಯನಶಾಸ್ತ್ರದ ಟೀಚರಾಗಿ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನನ್ನು ನೋಡಲು ಬಂದರೆ ಮೊದಲು ಕೇಳುವುದು ಒಂದೇ: ಲ್ಯಾಬಿನಲ್ಲಿ ಎಂದಾದರೂ ಆಸಿಡ್ ಚೆಲ್ಲಿ ಅನಾಹುತವಾಗಿತ್ತಾ? ಆಗಿತ್ತು. ನನ್ನ ಸೀರೆಗಳಿಗೆ ತೂತು ಬಿದ್ದಿವೆ, ಅಟೆಂಡರನ ಚಪ್ಪಲಿ ಸುಟ್ಟಿದೆ. ಅದನ್ನೆಲ್ಲ ಯಾರೂ ಎರಡು ದಿನಕ್ಕಿಂತ ಹೆಚ್ಚು ಮಾತಾಡಲಿಲ್ಲ. ನಮ್ಮ ಶಾಲೆಯ ಆಡಳಿತ ಮಂಡಳಿ ನಿಜವಾಗಿ ಹೊತ್ತಿ ಉರಿದದ್ದು ಒಂದು ಲೋಟ ನೀರಿಗೆ. ಆದ್ದರಿಂದ ಹೊಸಬರಿಗೆ ನನ್ನ ಬುದ್ಧಿಮಾತು ಇಷ್ಟೇ: ಆಸಿಡ್ ಕೈ ಜಾರಿದರೆ ಸೋಡಾ ಪುಡಿ ಸುರಿಯಿರಿ, ಲೆಕ್ಕ ಕೈ ಜಾರಿದರೆ ದೇವರೇ ಗತಿ.

ನಾನು ಕೆಲಸ ಮಾಡಿದ್ದು ತಮಿಳುನಾಡಿನ ಕಂಬಂ ಕಣಿವೆಯ ಒಂದು ಖಾಸಗಿ ಹೈಯರ್ ಸೆಕೆಂಡರಿ ಶಾಲೆಯಲ್ಲಿ. ಪ್ಲಸ್ ಒನ್, ಪ್ಲಸ್ ಟು, ಅಂದರೆ ಮೈಸೂರಿನವರ ಪಿ.ಯು.ಸಿ. ತರಗತಿಗಳಿಗೆ ಪಾಠ. ಶಾಲೆಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷು, ಮನೆಯಲ್ಲಿ ಕನ್ನಡ. ನಮ್ಮ ಹಿರಿಯರು ಯಾವ ಕಾಲದಲ್ಲೋ ಇಲ್ಲಿಗೆ ಬಂದು ಬೇಸಾಯ ಹಿಡಿದವರು. ನಮ್ಮ ಕನ್ನಡವನ್ನು ಮೈಸೂರಿನವರ ಮುಂದೆ ಆಡಿದರೆ ಅವರು ನಮ್ಮನ್ನು ತಮಿಳರು ಎನ್ನುತ್ತಾರೆ. ತೇನಿಯ ಬಸ್‌ಸ್ಟ್ಯಾಂಡಿನಲ್ಲಿ ಆಡಿದರೆ ತೆಲುಗಿನವರಾ ಎಂದು ಕೇಳುತ್ತಾರೆ. ನಾನು ಬಿ.ಎಡ್.ಗೆಂದು ಮೈಸೂರಿಗೆ ಹೋದವಳು ಅಂಗಡಿ ಬೋರ್ಡು, ಸಿನಿಮಾ ಪೋಸ್ಟರು ಓದಿ ಅಕ್ಷರ ಕಲಿತೆ. ಆ ಪೋಸ್ಟರುಗಳ ಪುಣ್ಯದಿಂದ ಈಗ ಇದನ್ನು ಬರೆಯುತ್ತಿದ್ದೇನೆ.

ತಮಿಳುನಾಡಿನ ಖಾಸಗಿ ಶಾಲೆಗಳಲ್ಲಿ ಹೆಡ್‌ಮಾಸ್ಟರ ಮೇಲೆ ಒಬ್ಬ ಕರಸ್ಪಾಂಡೆಂಟ್ ಇರುತ್ತಾರೆ. ಶಾಲೆ ಅವರದು, ಗೇಟು ಅವರದು, ಗೇಟಿನೊಳಗೆ ಬೀಸುವ ಗಾಳಿಯೂ ಅವರದು. ನಮ್ಮ ಕರಸ್ಪಾಂಡೆಂಟ್ ನಮ್ಮವರೇ, ಕನ್ನಡದವರು. ದ್ರಾಕ್ಷಿ ತೋಟ, ತೆಂಗಿನ ತೋಪು, ಒಂದು ಜೀಪು. ನನ್ನ ತಾಯಿಗೆ ದೂರದ ತಮ್ಮನಾಗಬೇಕಿದ್ದರಿಂದ ನನಗೆ ಮಾಮ. ಮನುಷ್ಯ ಕೆಟ್ಟವರೇನಲ್ಲ. ಸಂಬಳ ತಡ ಮಾಡಿದವರಲ್ಲ, ಹೆಣ್ಣು ಟೀಚರುಗಳೊಂದಿಗೆ ದನಿ ಎತ್ತಿದವರಲ್ಲ. ಅವರ ಎಲ್ಲ ಕಾಯಿಲೆ ಇದ್ದದ್ದು ನೀರಿನಲ್ಲಿ. ಮಾಮ ಹೊರಗೆ ಎಲ್ಲೂ ನೀರು ಮುಟ್ಟುತ್ತಿರಲಿಲ್ಲ. ಮನೆಯಿಂದ ಬೆಳ್ಳಿ ಚೊಂಬಿನಲ್ಲಿ ನೀರು, ಜೊತೆಗೊಂದು ಬೆಳ್ಳಿ ಲೋಟ. ಅದನ್ನೂ ಬಾಯಿಗೆ ತಾಗಿಸದೆ ಎತ್ತಿ ಹಿಡಿದು ಗಟಗಟ ಸುರಿದುಕೊಳ್ಳುವುದು. ಸಭೆ ಸಮಾರಂಭದಲ್ಲಿ ಮೈಕಿನ ಪಕ್ಕ ಕೂತು ಅವರು ನೀರು ಕುಡಿದರೆ ಮೈದಾನದ ಕೊನೆಯವರೆಗೂ ಬಚ್ಚಲು ಹರಿದಂತೆ ಕೇಳುತ್ತಿತ್ತು.

ಹೆಡ್‌ಮಾಸ್ಟರು ಚರಿತ್ರೆ ಓದಿದವರು. ಅವರಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಪೋರ್ಷನ್ ಮುಗೀತಾ ಟೀಚರ್? ಮಕ್ಕಳಿಗೆ ಅರ್ಥವಾಯಿತಾ ಎಂದು ಅವರು ಕೇಳಿದ್ದನ್ನು ನಾನು ಕಂಡಿಲ್ಲ. ತೇನಿ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಗೆ ಹೊಸ ಅಧಿಕಾರಿಗಳು, ಹೊಸ ಅಧಿಕಾರಿಗಳಿಗೆ ಇನ್‌ಸ್ಪೆಕ್ಷನ್ ಚಟ. ಒಮ್ಮೆ ಅಧಿಕಾರಿಗೆ ಲ್ಯಾಬು ಚಾಲೂ ಇದೆ ಎಂದು ತೋರಿಸಬೇಕು, ಏನಾದರೂ ಹಚ್ಚಿ ಎಂದು ಹೆಡ್‌ಮಾಸ್ಟರು ಅಪ್ಪಣೆ ಮಾಡಿದರು. ನಾನು ಹೈಡ್ರೋಜನ್ ಸಲ್ಫೈಡ್ ಹಚ್ಚಿದೆ. ಕೊಳೆತ ಮೊಟ್ಟೆಯ ವಾಸನೆಯ ಗ್ಯಾಸು ಅದು. ಯಾವ ಲವಣ ಎಂದು ಪತ್ತೆ ಹಚ್ಚುವ ಸಾಲ್ಟ್ ಪರೀಕ್ಷೆಗೆ ಆಗ ದಿನಾ ಬೇಕಾಗುತ್ತಿತ್ತು, ಈಗ ನಿಲ್ಲಿಸಿದ್ದಾರೆ, ಒಳ್ಳೆಯದಾಯಿತು. ಅಧಿಕಾರಿ ಬಾಗಿಲಲ್ಲೇ ಮೂಗಿಗೆ ಕರವಸ್ತ್ರ ಹಿಡಿದು, ಎಲ್ಲ ಚೆನ್ನಾಗಿದೆ ಎಂದು ಬರೆದು, ಊಟಕ್ಕೂ ನಿಲ್ಲದೆ ಜೀಪು ಹತ್ತಿದರು. ಅವರಿಗೆಂದು ಮಾಡಿಸಿದ್ದ ಬಿರಿಯಾನಿಯನ್ನು ಸ್ಟಾಫ್ ರೂಮಿನಲ್ಲಿ ನಾವು ತಿಂದೆವು. ನನ್ನ ಇಡೀ ಸರ್ವಿಸಿನಲ್ಲಿ ಹೆಡ್‌ಮಾಸ್ಟರು ನನ್ನನ್ನು ಹೊಗಳಿದ್ದು ಅವತ್ತು ಮಾತ್ರ.

ಇನ್ನು ಲೆಕ್ಕದ ವಿಷಯ. ಪ್ಲಸ್ ಒನ್ ಮಕ್ಕಳಿಗೆ ಅವಗಾಡ್ರೊ ಸಂಖ್ಯೆ ಎಂದರೆ ಮಾರಮ್ಮನ ಮಂತ್ರ ಇದ್ದ ಹಾಗೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಆರು ಪಾಯಿಂಟ್ ಸೊನ್ನೆ ಎರಡು ಮೂರು, ಗುಣಿಲೆ ಹತ್ತರ ಘಾತ ಇಪ್ಪತ್ತಮೂರು ಎಂದು ಒಪ್ಪಿಸುತ್ತಾರೆ. ಅದು ಎಷ್ಟು ದೊಡ್ಡದಪ್ಪಾ ಎಂದರೆ ತುಂಬಾ ದೊಡ್ಡದು ಟೀಚರ್ ಎನ್ನುತ್ತಾರೆ. ನಮ್ಮೂರ ದ್ರಾಕ್ಷಿ ಎಲ್ಲ ಸೇರಿಸಿದರೆ ಅಷ್ಟಾಗುತ್ತದಾ ಎಂದರೆ ಆಗಬಹುದು ಟೀಚರ್ ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಪುಸ್ತಕ ಮುಚ್ಚಿಸಿ, ಒಂದು ಲೋಟ ನೀರನ್ನು ಮೇಜಿನ ಮೇಲಿಟ್ಟು ಆಟಕ್ಕೆಂದು ಒಂದು ಪ್ರಶ್ನೆ ಕೇಳಿದೆ. ಬಹಳ ಹಿಂದೆ ಯಾರೋ ಒಬ್ಬರು ಒಂದು ಲೋಟ ನೀರು ಕುಡಿದರು. ಆ ನೀರು ಬೆವರಾಗಿ, ಮೋಡವಾಗಿ, ಹೊಳೆಯಾಗಿ ಪ್ರಪಂಚದ ಎಲ್ಲ ನೀರಿನಲ್ಲೂ ಸಮನಾಗಿ ಬೆರೆತುಹೋಯಿತು. ಈಗ ನೀವು ಎಲ್ಲಿಂದಾದರೂ ಒಂದು ಲೋಟ ನೀರು ಮೊಗೆದರೆ ಅದರಲ್ಲಿ ಅವರು ಕುಡಿದ ನೀರಿನ ಅಣು ಎಷ್ಟಿರುತ್ತದೆ?

ಎಲ್ಲರೂ ಸೊನ್ನೆ ಎಂದರು. ಒಬ್ಬ ಉದಾರಿ ಅರ್ಧ ಎಂದ. ಸರಿ, ಲಾಗ್ ಟೇಬಲ್ ಮೂಲೆಗಿಡಿ, ಬರೀ ಸೊನ್ನೆ ಎಣಿಸಿದರೆ ಸಾಕು ಎಂದೆ. ಹದಿನೆಂಟು ಗ್ರಾಂ ನೀರಿನಲ್ಲಿ ಒಂದು ಅವಗಾಡ್ರೊ ಸಂಖ್ಯೆಯಷ್ಟು ಅಣು. ನಮ್ಮ ಲೋಟ ಹಿಡಿಯುವುದು ನೂರೆಂಬತ್ತು ಗ್ರಾಂ, ಅಂದರೆ ಅದರ ಹತ್ತರಷ್ಟು: ಆರರ ಮುಂದೆ ಇಪ್ಪತ್ತನಾಲ್ಕು ಸೊನ್ನೆ. ಪ್ರಪಂಚದ ಕಡಲು, ಹಿಮ, ಹೊಳೆ, ಬಾವಿ ಎಲ್ಲವನ್ನೂ ಲೋಟದಲ್ಲಿ ಅಳೆದರೆ ಸುಮಾರು ಎಂಟರ ಮುಂದೆ ಇಪ್ಪತ್ತೊಂದು ಸೊನ್ನೆಯಷ್ಟು ಲೋಟ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಏಳುನೂರೈವತ್ತು ಬಂತು. ಪ್ರಪಂಚದ ನೀರೆಲ್ಲ ಎಷ್ಟು ಲೋಟವೋ ಅದಕ್ಕಿಂತ ಒಂದು ಲೋಟದೊಳಗಿನ ಅಣುಗಳೇ ಹೆಚ್ಚು ಎಂಬುದು ಆಗ ಅವರ ತಲೆಗೆ ಇಳಿಯಿತು. ನನಗೆ ಅಷ್ಟು ಖುಷಿ ಯಾವ ಪ್ರಮೋಷನ್ನಿನಲ್ಲೂ ಆಗಿಲ್ಲ.

ಮನೆಗೆ ಹೋಗಿ ನಿಮಗಿಷ್ಟವಾದವರ ಲೋಟ ಹಿಡಿದು ಇದೇ ಲೆಕ್ಕ ಮಾಡಿಕೊಂಡು ಬನ್ನಿ ಎಂದೆ. ಒಬ್ಬಳು ಸಿನಿಮಾ ನಟನನ್ನು ಹಿಡಿದಳು, ಒಬ್ಬ ಅಲೆಕ್ಸಾಂಡರನನ್ನು ಹಿಡಿದ, ಒಬ್ಬ ಸುರುಳಿ ಜಲಪಾತದ ಸ್ವಾಮಿಯನ್ನೇ ಹಿಡಿದ. ಪಾಂಡೀಶ್ವರಿ ತನ್ನ ಅಜ್ಜಿಯನ್ನು ಹಿಡಿದಳು.

ಪಾಂಡೀಶ್ವರಿಯ ಮನೆ ಕಾಲುವೆಯ ಆಚೆಯ ಕಾಲೋನಿಯಲ್ಲಿ. ಕಾಲೋನಿ ಎಂದರೆ ಯಾವುದು, ಅಲ್ಲಿ ಯಾರಿರುತ್ತಾರೆ ಎಂದು ನಮ್ಮ ಕಡೆ ಯಾರೂ ವಿವರಿಸುವುದಿಲ್ಲ, ಎಲ್ಲರಿಗೂ ಗೊತ್ತು. ಆ ಕಾಲಕ್ಕೂ ಊರಿನ ಟೀ ಅಂಗಡಿಯಲ್ಲಿ ಅವರಿಗೆ ಬೇರೆ ಲೋಟ. ಅವಳ ಅಜ್ಜಿ ಮಾಮನ ತೋಟದಲ್ಲಿ ಕೂಲಿಗೆ ಹೋಗುತ್ತಿದ್ದವಳು. ಅವಳಿಗೆ ಲೋಟವೂ ಇಲ್ಲ, ತೆಂಗಿನ ಚಿಪ್ಪಿನಲ್ಲಿ ನೀರು. ಹುಡುಗಿ ಬಲು ಚುರುಕು, ಮಾತು ಕಡಿಮೆ. ನಾನು ಕೊಟ್ಟ ಸಾಲ್ಟನ್ನು ಬರೀ ಬಣ್ಣ ನೋಡಿ ಗುರುತಿಸುತ್ತಿದ್ದಳು. ಮುಂದಿನ ವರ್ಷ ಅವಳು ಪ್ಲಸ್ ಟುಗೆ ಬಂದಾಗ ಶಾಲೆಯಲ್ಲಿ ಸೈನ್ಸ್ ಎಕ್ಸಿಬಿಷನ್ ಇಟ್ಟರು. ಎಲ್ಲರೂ ಥರ್ಮೋಕೋಲಿನ ಅಗ್ನಿಪರ್ವತ ಮಾಡಿದರೆ ಇವಳು ಆ ಲೆಕ್ಕವನ್ನು ಒಂದು ಚಾರ್ಟಿನಲ್ಲಿ ಬರೆದಳು. ಎಡಗಡೆ ತೆಂಗಿನ ಚಿಪ್ಪು, ಬಲಗಡೆ ಲೋಟ, ನಡುವೆ ಕಡಲು, ಬಾಣದ ಗುರುತು. ಚೆನ್ನಾಗಿದೆ ಎಂದೆ. ಲೋಟಕ್ಕೆ ಅವಳು ಬೆಳ್ಳಿ ಬಣ್ಣ ಬಳಿದದ್ದನ್ನು ನೋಡಿದೆ, ಸುಮ್ಮನಿದ್ದೆ. ನನಗೂ ಒಳಗೊಳಗೆ ಮಜಾ ಅನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಎಕ್ಸಿಬಿಷನ್ನಿಗೆ ತೇನಿಯಿಂದ ಒಬ್ಬ ಬ್ಯಾಂಕ್ ಮ್ಯಾನೇಜರು ಅತಿಥಿಯಾಗಿ ಬಂದರು. ಮಾಮ ರಿಬ್ಬನ್ ಕತ್ತರಿಸಿ, ಬಿಸಿಲಿಗೆ ದಣಿದು, ಬೆಳ್ಳಿ ಲೋಟ ಕೈಯಲ್ಲಿ ಹಿಡಿದೇ ಒಂದೊಂದು ಮೇಜು ನೋಡುತ್ತ ಬಂದರು. ಪಾಂಡೀಶ್ವರಿಯ ಮುಂದೆ ನಿಂತು, ಇದೇನು ಪಾಪಾ ಎಂದು ಪ್ರೀತಿಯಿಂದಲೇ ಕೇಳಿದರು. ಅವಳು ಬಾಯಿಪಾಠ ಮಾಡಿಕೊಂಡಿದ್ದ ಎಲ್ಲವನ್ನೂ ಒಪ್ಪಿಸಿದಳು: ಅಜ್ಜಿ, ಚಿಪ್ಪು, ಬೆವರು, ಮೋಡ, ಕಡಲು, ಸೊನ್ನೆಗಳು. ಕೊನೆಗೆ, ಅಯ್ಯಾ, ನಿಮ್ಮ ಕೈಯಲ್ಲಿರುವ ಲೋಟದಲ್ಲಿ ನಮ್ಮಜ್ಜಿ ಕುಡಿದ ನೀರು ಏಳುನೂರೈವತ್ತು ಅಣು ಇದೆ ಎಂದಳು.

ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಪ, ಅವರು ಹೊರಗಿನವರು, ಅವರಿಗೆ ಜೋಕು ಅನಿಸಿತು. ಮಾಮ ಬಾಯಿಯ ಮೇಲಕ್ಕೆ ಎತ್ತಿದ್ದ ಲೋಟ ಅಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಕೆಳಗಿಳಿಯಿತು. ಆ ನೀರನ್ನು ಅವರು ಕಿಟಕಿಯಿಂದ ಆಚೆ ಚೆಲ್ಲಿದರು.

ಮರುದಿನ ಬೆಳಗ್ಗೆ ಹೆಡ್‌ಮಾಸ್ಟರು ಬೆವರು ಒರೆಸಿಕೊಳ್ಳುತ್ತ ಸುದ್ದಿ ತಂದರು. ಹುಡುಗಿಗೆ ಟಿ.ಸಿ. ಕೊಟ್ಟು ಕಳಿಸಬೇಕಂತೆ. ಕರಸ್ಪಾಂಡೆಂಟರನ್ನು ಅತಿಥಿಯ ಮುಂದೆ ಅವಮಾನ ಮಾಡಿದ್ದಕ್ಕೆ. ಟಿ.ಸಿ. ಎಂದರೆ ಶಾಲೆ ಬಿಡಿಸುವ ಚೀಟಿ. ಪಬ್ಲಿಕ್ ಪರೀಕ್ಷೆಗೆ ಕೆಲವೇ ವಾರ ಇದ್ದಾಗ ಅದನ್ನು ಕೈಗಿಟ್ಟರೆ ಬೇರೆ ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ. ಪ್ರಾಕ್ಟಿಕಲ್ ಇಲ್ಲ, ಪರೀಕ್ಷೆ ಇಲ್ಲ, ಕಾಲೇಜಿಲ್ಲ. ಅವಳಿಗೆ ಮುಂದೆ ಕಾದಿದ್ದದ್ದು ಅಜ್ಜಿ ಹೋಗುತ್ತಿದ್ದ ಅದೇ ತೋಟ. ಪಾಂಡೀಶ್ವರಿ ನನ್ನ ಹತ್ತಿರ ಬಂದು ಅಳಲಿಲ್ಲ. ಲೆಕ್ಕದಲ್ಲಿ ಏನಾದರೂ ತಪ್ಪಾಗಿದೆಯಾ ಟೀಚರ್ ಎಂದು ಮಾತ್ರ ಕೇಳಿದಳು. ಇಲ್ಲಮ್ಮ ಎಂದೆ. ಹೆಡ್‌ಮಾಸ್ಟರ ಹತ್ತಿರ ಹೋಗಿ, ಅವಳಿಗೆ ಟಿ.ಸಿ. ಬರೆದರೆ ಜೊತೆಗೆ ನನ್ನ ರಾಜೀನಾಮೆಯನ್ನೂ ಬರೆದುಕೊಳ್ಳಿ, ಪ್ರಾಕ್ಟಿಕಲ್ ಪರೀಕ್ಷೆಗೆ ನೀವೇ ಸಾಲ್ಟ್ ಮೂಸಿ ನೋಡಿ ಎಂದು ಹೇಳಿ ಬಂದೆ. ಆತ ಚರಿತ್ರೆ ಓದಿದವರು, ಯುದ್ಧದ ವಾಸನೆ ಬೇಗ ಹಿಡಿದರು. ಸ್ವಲ್ಪ ತಾಳಿ, ಮಂಡಳಿಯ ಮುಂದಿಡೋಣ ಎಂದರು.

ಈ ನಡುವೆ ಮಾಮ ಒಂದು ಕೆಲಸ ಮಾಡಿದರು. ಅದನ್ನು ನಮ್ಮವರಲ್ಲದೆ ಬೇರೆ ಯಾರೂ ಮಾಡಲಾರರು. ಕಾಲುವೆ ನೀರಿನ ಊರಿನಲ್ಲಿ ಹುಟ್ಟಿದವರಿಗೆ ಮಡಿ ಮೈಲಿಗೆಯ ಲೆಕ್ಕವೆಲ್ಲ ಮೇಲ್ಮಡೆ ಕೆಳಮಡೆಯದು, ಕಾಲುವೆ ನೀರು ಮೊದಲು ಯಾರನ್ನು ಮುಟ್ಟುತ್ತದೆ, ಆಮೇಲೆ ಯಾರನ್ನು ಎಂಬುದು. ನಮಗಿಂತ ಮೇಲೆ ಯಾರಿದ್ದಾರೆ ಎಂದು ನೋಡಿಕೊಂಡರೆ ಆಯಿತು. ಕೆಳಗಿನವರ ಚಿಂತೆ ಯಾಕೆ? ಮಾಮ ಮನೆಯ ಬಾವಿ ನೀರು ಬಿಟ್ಟುಬಿಟ್ಟರು. ದಿನಾ ಜೀಪು ಬೋಡಿಮೆಟ್ಟು ಘಾಟಿಯ ತಿರುವುಗಳನ್ನೆಲ್ಲ ಹತ್ತಿ, ಏಲಕ್ಕಿ ತೋಟಗಳಿಗೂ ಮೇಲೆ ಕಲ್ಲಿನ ಸಂದಿಯಲ್ಲಿ ಜಿನುಗುವ ಒಂದು ಊಟೆಯಿಂದ ಕ್ಯಾನಿನಲ್ಲಿ ನೀರು ತರತೊಡಗಿತು. ಡ್ರೈವರನಿಗೆ ಸೊಂಟ ನೋವು ಬಂತು. ನಾನು ಹುಡುಗಿಯ ಪರ ಬೇಡಿಕೊಳ್ಳೋಣ ಎಂದು ಅವರ ಮನೆಗೆ ಹೋದಾಗ ಮಾಮ ಆ ಕ್ಯಾನಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಆ ಊಟೆಗೆ ಮ್ಯಾಲೆ ಯಾರೂ ಇಲ್ಲ ತಾಯಿ," ಎಂದರು. "ನಾನೇ ಹೋಗಿ ನೋಡ್ಕಂಡು ಬಂದೆ. ಮಂಜು ಮಾತ್ರ ಇರೋದು."

ಮಂಜು ಎಲ್ಲಿಂದ ಬರುತ್ತದೆ ಮಾಮ ಎಂದೆ. ಕೇರಳದ ಕಡೆಯಿಂದ ಎಂದರು. ಅಲ್ಲಿಗೆ ಎಲ್ಲಿಂದ ಬರುತ್ತದೆ ಎಂದೆ. ಕಡಲಿನಿಂದ ಎಂದರು. ಕಡಲಿಗೆ ಎಲ್ಲಿಂದ ಎಂದು ನಾನು ಕೇಳುವುದರೊಳಗೆ ಅವರಿಗೆ ಹೊಳೆಯಿತು. ಮುಖ ಹುಳಿ ಹಿಂಡಿದಂತಾಯಿತು. ಶಾಲೆ ಪುಳ್ಳೆಗಳಿಗೆ ಪಾಠ ಹೇಳಿಕೊಡು ಅಂದರೆ ಇಂಥದ್ದನ್ನೆಲ್ಲ ಯಾಕೆ ಹೇಳಿಕೊಡುತ್ತೀಯ ಎಂದು ರೇಗಿದರು. ಇದೇ ಮಾಮ ಪಾಠ ಎಂದೆ. ಅತ್ತೆ ಕಾಫಿ ತಂದಿಟ್ಟರು. ಬೋಡಿಮೆಟ್ಟಿನ ನೀರಿನ ಕಾಫಿ ನಮ್ಮ ಬಾವಿ ನೀರಿನದ್ದಕ್ಕಿಂತ ಚೆನ್ನಾಗಿತ್ತು, ಅದನ್ನು ಮಾತ್ರ ಒಪ್ಪಿಕೊಳ್ಳಬೇಕು.

ನಾನು ಹೇಳಿದ್ದು ಅವರಿಗೆ ಸಾಲಲಿಲ್ಲ. ಹೆಂಗಸು, ಅದರಲ್ಲೂ ಅಕ್ಕನ ಮಗಳು ಹೇಳಿದ ಲೆಕ್ಕವನ್ನು ಗಂಡಸು ಬಂದು ತಪ್ಪು ಎನ್ನಬೇಕಿತ್ತು. ಅವರ ಅಳಿಯ ದಿಂಡಿಗಲ್ಲಿನ ಒಂದು ಕಾಲೇಜಿನಲ್ಲಿ ನನ್ನ ವಿಷಯದಲ್ಲೇ ಲೆಕ್ಚರರು. ಮಂಡಳಿ ಸೇರುವ ದಿನ ಅವರನ್ನೇ ಕರೆಸಿದರು. ಅಳಿಯನೆಂದರೆ ನಮ್ಮ ಮಾತಿನಲ್ಲಿ ಮಾಪಿಳ್ಳೆ, ಅರ್ಧ ದೇವರು: ಎದುರು ಮಾತಾಡುವಂತಿಲ್ಲ, ಮಾತಿನ ನಡುವೆ ತಡೆಯುವಂತಿಲ್ಲ, ಅವರು ಎಷ್ಟು ಹೊತ್ತು ಮಾತಾಡಿದರೂ ಮಾವ ತಲೆಯಾಡಿಸುತ್ತ ಕೂರಬೇಕು. ಈ ಪದ್ಧತಿ ಇಂಥ ಕಡೆ ಉಪಯೋಗಕ್ಕೆ ಬರುತ್ತದೆ ಎಂದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

ಹೆಡ್‌ಮಾಸ್ಟರ ಕೋಣೆಯಲ್ಲಿ ಸಭೆ. ಮಾಮ, ಅಳಿಯ, ಮಂಡಳಿಯ ಹಿರಿಯರು, ಮೂಲೆಯಲ್ಲಿ ನಾನು. ಪಾಂಡೀಶ್ವರಿಯನ್ನು ಬಾಗಿಲ ಆಚೆ ನಿಲ್ಲಿಸಿದ್ದರು. ಅಳಿಯ ಚಾರ್ಟು ಓದಿದವರೇ ತಪ್ಪು ಎಂದರು. ಮಾಮನ ಮುಖ ಹುಣ್ಣಿಮೆಯಾಯಿತು. ಎರಡು ತಪ್ಪು ಎಂದರು ಅಳಿಯ. ಹುಣ್ಣಿಮೆ ಇನ್ನಷ್ಟು ಬೆಳಗಿತು. ಒಂದು, ಕಡಲಿನ ನೀರು ಪೂರ್ತಿ ಬೆರೆಯಲು ನೂರಾರು ವರ್ಷವೇ ಬೇಕು. ಈ ಹುಡುಗಿಯ ಅಜ್ಜಿ ಮೊನ್ನೆ ಮೊನ್ನೆಯವಳು. ಇನ್ನೊಂದು, ನೀರಿನ ಅಣು ಒಂದೇ ಆಗಿ ಉಳಿಯುವುದಿಲ್ಲ. ಇಲ್ಲಿಗೆ ಅವರು ನಿಲ್ಲಿಸಿದ್ದರೆ ಹುಡುಗಿಯ ಕಥೆ ಮುಗಿಯುತ್ತಿತ್ತು. ಆದರೆ ಮನುಷ್ಯ ನಿಜವಾದ ಮೇಷ್ಟ್ರು, ವಿಷಯ ಸಿಕ್ಕಿದರೆ ಹಸಿವು ನಿದ್ದೆ ಮರೆಯುವವರು. ಬೋರ್ಡಿಗೆ ಹೋಗಿ ಚಿತ್ರ ಬರೆಯತೊಡಗಿದರು. ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಹೈಡ್ರೋಜನ್ ಒಂದು ಕಡೆ ನಿಲ್ಲುವ ಜಾತಿಯಲ್ಲ. ಇಲ್ಲಿಂದ ಪಕ್ಕದ ಅಣುವಿಗೆ ಹೋಗುತ್ತದೆ, ಅಲ್ಲಿಂದ ಇಲ್ಲಿಗೆ ಇನ್ನೊಂದು ಬರುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಎಷ್ಟೋ ಸಲ. ಆದ್ದರಿಂದ ಇದು ಯಾರ ಅಣು ಎಂದು ಕೇಳುವುದಕ್ಕೇ ಅರ್ಥವಿಲ್ಲ ಎಂದರು.

ಮಂಡಳಿಯಲ್ಲಿದ್ದ ಒಬ್ಬ ಮುದುಕರು ಕಿವಿಗೆ ಕೈ ಹಚ್ಚಿ ಕೇಳುತ್ತಿದ್ದವರು, "ಅಂದ್ರೆ ಮಾಪಿಳ್ಳೆ, ಅವ್ರ ಮನೆ ಹೆಣ್ಣು ಇವ್ರ ಮನೆಗೆ, ಇವ್ರ ಮನೆ ಹೆಣ್ಣು ಅವ್ರ ಮನೆಗೆ ಕೊಟ್ಟು ತಂದಂಗಾ?" ಎಂದರು.

"ಅದೇ ತಾತ, ಸರಿಯಾಗಿ ಹೇಳಿದ್ರಿ," ಎಂದರು ಅಳಿಯ, ಬುದ್ಧಿವಂತ ವಿದ್ಯಾರ್ಥಿ ಸಿಕ್ಕಿದ ಸಂತೋಷದಲ್ಲಿ. "ಆದ್ರೆ ಇಲ್ಲಿ ಜಾತಿ, ಗೋತ್ರ ಕೇಳೋರಿಲ್ಲ."

ಅಲ್ಲಿಯವರೆಗೆ ಏಳುನೂರೈವತ್ತು ಅಣುವಾದರೂ ಬೇರೆ ಬೇರೆ ಇದ್ದವು. ಈಗ ಒಂದೊಂದು ಅಣುವಿನೊಳಗೂ ಸಂಬಂಧ ಬೆಳೆದುಬಿಟ್ಟಿತ್ತು. ಮಾಮ ಅಳಿಯನನ್ನು ಬೈಯುವಂತಿಲ್ಲ. ಕಣ್ಣು ಕೆಂಪಾಗಿ, ತಲೆಯಾಡಿಸುತ್ತ, ಬಹಳ ಸಂತೋಷ ಮಾಪಿಳ್ಳೆ, ಕೂತುಕೊಳ್ಳಿ ಎಂದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಆಗ ಹೆಡ್‌ಮಾಸ್ಟರು ಬಗ್ಗಿ ಮಾಮನ ಕಿವಿಯಲ್ಲಿ ಪಿಸುಗುಟ್ಟಿದರು. ನನಗೆ ಕೇಳಿಸಿದ್ದು ಒಂದೇ ಮಾತು: ಸೆಂಟಮ್. ನಮ್ಮ ಕಡೆ ನೂರಕ್ಕೆ ನೂರು ಎನ್ನುವುದನ್ನು ಹಾಗೆನ್ನುತ್ತಾರೆ. ಕೆಮಿಸ್ಟ್ರಿಯಲ್ಲಿ ನಮ್ಮ ಶಾಲೆಗೆ ಎಂದೂ ಬಂದಿರಲಿಲ್ಲ, ಆಂಡಿಪಟ್ಟಿಯ ಶಾಲೆಗೆ ಹಿಂದಿನ ವರ್ಷ ಬಂದಿತ್ತು, ಬರುವುದಿದ್ದರೆ ಈ ಹುಡುಗಿಯಿಂದಲೇ. ಮಾಮ ಮೀಸೆ ಸವರಿಕೊಂಡರು. ಅಷ್ಟು ದಿನ ಊಟೆ ಹುಡುಕಿಕೊಂಡು ಬೆಟ್ಟ ಹತ್ತಿದ ಮಡಿ, ಆಂಡಿಪಟ್ಟಿಯ ಹೆಸರು ಕೇಳಿದ್ದೇ ಅರ್ಧ ಇಳಿದುಹೋಯಿತು. ನ್ಯಾಯ, ದಯೆ, ವಿಜ್ಞಾನ ಯಾವುದೂ ಮಾಡದ ಕೆಲಸವನ್ನು ಪಕ್ಕದೂರಿನ ಮೇಲಿನ ಹೊಟ್ಟೆಕಿಚ್ಚು ಮಾಡಿತು. ಹೊಸ ಟೀಚರುಗಳೇ, ಇದನ್ನು ನೆನಪಿಟ್ಟುಕೊಳ್ಳಿ, ಯಾವ ಟ್ರೈನಿಂಗಿನಲ್ಲೂ ಹೇಳುವುದಿಲ್ಲ.

ಆದರೂ ಮರ್ಯಾದೆ ಉಳಿಯಬೇಕಲ್ಲ. ಹುಡುಗಿಯನ್ನು ಒಳಗೆ ಕರೆಸಿದರು. ಕ್ಷಮೆ ಗಿಮೆ ಏನೂ ಬೇಡ, ನೀನು ಬರೆದ ಲೆಕ್ಕ ತಪ್ಪು ಎಂದು ಎಲ್ಲರ ಮುಂದೆ ಒಂದು ಮಾತು ಹೇಳು, ಪರೀಕ್ಷೆ ಬರೆ ಎಂದರು ಮಾಮ. ನಾನು ಅವಳ ಕಡೆ ನೋಡಿದೆ. ಹೇಳಿಬಿಡು ತಾಯಿ, ನಿನ್ನ ಕಾಲಿಗೆ ಬೀಳುತ್ತೇನೆ, ಒಂದು ಮಾತು ತಾನೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹೇಳದಿದ್ದರೆ ಅವಳ ಪರೀಕ್ಷೆ ಹೋಯಿತು. ಹೇಳಿದರೆ ಅದನ್ನು ನನ್ನ ಕೈಲಿ ಕೇಳಲಾಗುವುದಿಲ್ಲ ಎಂದೂ ಗೊತ್ತಿತ್ತು.

ಪಾಂಡೀಶ್ವರಿ ಬೋರ್ಡಿನ ಮೇಲಿನ ಚಿತ್ರವನ್ನು ಒಂದು ಸಲ ನೋಡಿದಳು. ಅವಳು ಆಡಿದ್ದು ತಮಿಳಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ತಪ್ಪೇ ಅಯ್ಯಾ. ಸಾರ್ ಹೇಳಿದ್ದು ಆಚೆ ನಿಂತು ಕೇಳಿಸಿಕೊಂಡೆ. ನಮ್ಮಜ್ಜಿ ಕುಡಿದ ನೀರು ಇನ್ನೂ ಕಡಲಲ್ಲೆಲ್ಲ ಬೆರೆತಿಲ್ಲ. ಈ ಕಣಿವೆ ಬಿಟ್ಟು ಹೆಚ್ಚು ದೂರ ಹೋಗಿಲ್ಲ, ಅದರ ಪಾಲು ನಮ್ಮ ಬಾವಿ ಕಾಲುವೆಗಳಲ್ಲೇ ಸಿಗುತ್ತದೆ. ಆದ್ದರಿಂದ ಏಳುನೂರೈವತ್ತು ತಪ್ಪು. ಜಾಸ್ತಿ ಆಗುತ್ತದೆ."

ಅಳಿಯ ಮಾತ್ರ ಮೇಜು ಕುಟ್ಟಿ, ಸರಿ ಸರಿ ಎಂದರು. ಹೆಡ್‌ಮಾಸ್ಟರು ಎಲ್ಲಿ ಮತ್ತೆ ಕೆಡುತ್ತದೋ ಎಂದು ಗಡಿಬಿಡಿಯಿಂದ ಎದ್ದು, ತಪ್ಪು ಅಂತ ಒಪ್ಪಿಕೊಂಡಳು, ಎಲ್ಲರೂ ಕೇಳಿದಿರಲ್ಲ, ಹೋಗಮ್ಮ ಹೋಗಿ ಓದಿಕೋ ಎಂದು ಸಭೆ ಮುಗಿಸಿಬಿಟ್ಟರು. ಹಿರಿಯರು ತಪ್ಪಂತೆ, ತಪ್ಪಂತೆ ಎಂದುಕೊಳ್ಳುತ್ತ ಸಮಾಧಾನದಿಂದ ಎದ್ದರು. ಮಾಮ ಕೇಳಿದ್ದು ಒಂದು ಮಾತು, ಅದು ಸಿಕ್ಕಿತ್ತು. ಅದರ ಹಿಂದೆ ಬಂದದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ ಎಂದೇ ನಾನು ತಿಳಿದೆ. ಪರೀಕ್ಷೆ ಉಳಿಯಿತು ಎಂದುಕೊಂಡು ಜಗಲಿಗೆ ಬಂದು ನಿಂತೆ.

ಎಲ್ಲರೂ ಹೋದ ಮೇಲೆ ಮಾಮ ಜೀಪಿನ ತನಕ ಹೋದವರು ತಿರುಗಿ ಬಂದರು. ಆಚೆ ಈಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು.

"ತಾಯಿ, ಜಾಸ್ತಿ ಅಂದ್ರೆ ಎಷ್ಟು?"

ನನ್ನ ನಾಲಿಗೆಯ ತುದಿಗೆ ಹತ್ತು ಉತ್ತರ ಬಂದವು. ಅವರ ಮುಖ ನೋಡಿ ಎಲ್ಲವನ್ನೂ ನುಂಗಿಕೊಂಡೆ.

"ನಂಗೆ ಗೊತ್ತಿಲ್ಲ ಮಾಮ," ಎಂದೆ. "ಅವಳು ಅಲ್ಲೇ ನಿಂತವಳೆ. ಕೇಳಿ, ಹೇಳ್ತಾಳೆ."

ಪಾಂಡೀಶ್ವರಿ ಬೇವಿನ ಮರದ ಕೆಳಗೆ ಚಾರ್ಟನ್ನು ಸುರುಳಿ ಸುತ್ತುತ್ತಿದ್ದಳು, ಕರೆದರೆ ಕೇಳುವಷ್ಟು ದೂರದಲ್ಲಿ. ಮಾಮ ಅವಳ ಕಡೆ ಎರಡು ಹೆಜ್ಜೆ ಇಟ್ಟರು. ಬಾಯಿ ಒಂದು ಸಲ ತೆರೆದರು ಕೂಡ. ಆಮೇಲೆ ಹೋಗಿ ಜೀಪು ಹತ್ತಿದರು.